ಸೂರ್ಯ ಮುಳುಗಿದ ಮೇಲೂ ಇಳಿಯದ ಬಾವುಟ

ನನ್ನ ಅಜ್ಜಿಯ ಅಪ್ಪನನ್ನು ಬ್ರಿಟಿಷರು ಕೆಲಸದಿಂದ ತೆಗೆದು ಹಾಕಿದ್ರು. ಇದನ್ನು ಮೊದಲೇ ಬರೆದುಬಿಡ್ತೇನೆ. ಇಷ್ಟು ಸಣ್ಣ ಮಾತನ್ನು ಒಂದು ಬೋರ್ಡಿನ ಮೇಲೆ ಉಳಿಸ್ಲಿಕ್ಕೆ ಹೋಗಿ, ಲಂಡನ್ನಿನಲ್ಲಿ ನಮ್ಮವರ ಮಧ್ಯೆಯೇ ನಾನು ಕೆಟ್ಟವನಾದೆ.

ನಾನು ವೆಂಬ್ಲಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿ ಎದುರು ನಿಲ್ಲುವವ. ಊರು ಕುಂದಾಪುರದ ಹತ್ತಿರ. ಸಣ್ಣವನಿದ್ದಾಗ ಶಾಲೆ ಬಿಟ್ಟೆ. ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡ್ತಾ ಮೀಸೆ ಬಂದ ಮೇಲೆ ಕನ್ನಡ ರಾತ್ರಿ ಶಾಲೆಗೆ ಸೇರಿ ಎಸ್ಸೆಸ್ಸೆಲ್ಸಿ ಮಾಡಿದೆ. ಇಲ್ಲಿಗೆ ಬಂದ ಮೇಲೆ, ತಲೆ ಬೆಳ್ಳಗಾದ ಮೇಲೆ, ಇಂಗ್ಲಿಷ್ ಕ್ಲಾಸಿಗೂ ಹೋದೆ. ಹಾಗಾಗಿ ನಮ್ಮ ಕನ್ನಡ ಸಂಘದವರು ಕಿಂಗ್ಸ್‌ಬರಿಯ ಹಾಲಿನಲ್ಲಿ ಪ್ರದರ್ಶನ ಮಾಡ್ತೇವೆ, ಬ್ರಿಟಿಷರ ಕಾಲದಲ್ಲಿ ನಿಮ್ಮ ಮನೆಯವರು ಏನು ಮಾಡ್ತಿದ್ರು ಅಂತ ಒಂದೊಂದು ಪುಟ ಇಂಗ್ಲಿಷಿನಲ್ಲಿ ಬರೆದು ಕೊಡಿ ಅಂದಾಗ, ನಾನೂ ಕೈ ಎತ್ತಿದೆ. ಅಲ್ಲಿಯವರೆಗೆ ಸಂಘಕ್ಕೆ ನನ್ನಿಂದ ಬೇಕಾಗಿದ್ದದ್ದು ಬಿಸಿಬೇಳೆಬಾತ್ ಮಾತ್ರ.

ಅಜ್ಜಿ ಹೇಳ್ತಿದ್ದ ಕಥೆ ಇದು. ಅವಳ ಅಪ್ಪಯ್ಯ, ಅಂದ್ರೆ ನನ್ನ ಮುತ್ತಜ್ಜ, ಹಂಚು ಹೇರಿಕೊಂಡು ಪರ್ಷಿಯಾಕ್ಕೆ ಹೋಗುವ ಮಂಜಿಯಲ್ಲಿ ಹಾಯಿ ಹಗ್ಗ ಎಳೆಯುವ ಖಲಾಸಿ. ಮಂಜಿ ಅಂದ್ರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿ. ಒಂದು ಸಲ ಹೋದಲ್ಲೇ ಜ್ವರ ಬಂದು ಮಲಗಿದ. ಮಂಜಿ ಅವನನ್ನು ಬಿಟ್ಟು ಖರ್ಜೂರ ತುಂಬಿಕೊಂಡು ವಾಪಸು ಬಂತು. ಆ ಊರಿನ ಹೆಸರು ಅಜ್ಜಿಯ ನಾಲಿಗೆಗೆ ಬರ್ತಿರ್ಲಿಲ್ಲ. ‘ಬಂದರ’ ಅಂತಿದ್ದಳು, ಅಷ್ಟೆ.

ಆ ಬಂದರದಲ್ಲಿ ಬ್ರಿಟಿಷರ ಕಾನ್ಸಲ್, ಅಂದ್ರೆ ಅವರ ಸರ್ಕಾರದ ಪ್ರತಿನಿಧಿ, ಇದ್ದ. ಊರು ಪರ್ಷಿಯಾ ರಾಜನದ್ದು. ಆಳುವುದು ಹಾಕಿಮ ಅನ್ನುವ ಅವರ ಗವರ್ನರ್. ಆದ್ರೆ ಕಾನ್ಸಲನ ಅಂಗಳದೊಳಗೆ ಹಾಕಿಮನ ಮಾತು ನಡೀತಿರ್ಲಿಲ್ಲ. ಒಳಗಿನ ಕಾವಲುಗಾರರು, ಬರೆಯುವವರು, ನೀರು ಹೊರುವವರು ಹೆಚ್ಚಿನವರು ನಮ್ಮ ಕಡೆಯವರು. ಸಂಬಳವೂ ಹಿಂದೂಸ್ಥಾನದ ಖಜಾನೆಯಿಂದಲೇ ಬರ್ತಿತ್ತಂತೆ. ನಮ್ಮ ದುಡ್ಡಲ್ಲಿ ಅವರ ದೌಲತ್ತು. ಜ್ವರ ಬಿಟ್ಟ ಮುತ್ತಜ್ಜನಿಗೆ ಅಲ್ಲಿ ಜವಾನನ ಕೆಲಸ ಸಿಕ್ಕಿತು. ಬೆಳಿಗ್ಗೆ ಬಾವುಟ ಏರಿಸೋದು, ಸೂರ್ಯ ಮುಳುಗುವಾಗ ಇಳಿಸಿ ಮಡಚಿ ಪೆಟ್ಟಿಗೆಯಲ್ಲಿಡೋದು. ಹಗ್ಗದ ಕೆಲಸ ಗೊತ್ತಿದ್ದವನಲ್ವಾ, ಅದಕ್ಕೇ.

ಅಲ್ಲೊಂದು ರೂಢಿ ಇತ್ತು. ಧಣಿಯ ಕೈಯಿಂದ ಓಡಿ ಬಂದ ಗುಲಾಮ ಆ ಬಾವುಟದ ಕಂಬವನ್ನು ತಬ್ಬಿ ಹಿಡಿದರೆ, ಅವನನ್ನು ಯಾರೂ ಎಳೆಯೋ ಹಾಗಿಲ್ಲ. ಕಾನ್ಸಲ್ ವಿಚಾರಣೆ ಮಾಡಿ ಬಿಡುಗಡೆಯ ಕಾಗದ ಕೊಡಬೇಕು. ಹೇಳ್ಲಿಕ್ಕೆ ಚಂದ. ಆದ್ರೆ ಧಣಿಗಳೆಲ್ಲ ಮುತ್ತಿನ ವ್ಯಾಪಾರಿಗಳು, ಹಾಕಿಮನ ಸ್ನೇಹಿತರು. ಹಾಕಿಮ ಕಾನ್ಸಲನ ಸ್ನೇಹಿತ. ಹಾಗಾಗಿ ಕಂಬ ಹಿಡಿದವರು ಎಷ್ಟೋ ಸಲ ಹಿಂದಿನ ಬಾಗಿಲಿಂದ ಧಣಿಯ ಹತ್ತಿರಕ್ಕೇ ವಾಪಸು ಹೋಗ್ತಿದ್ರಂತೆ.

ಒಂದು ಮಧ್ಯಾಹ್ನ ಮುತ್ತು ತೆಗೀಲಿಕ್ಕೆ ಸಮುದ್ರದಲ್ಲಿ ಮುಳುಗು ಹಾಕುವ ಒಬ್ಬ ಗುಲಾಮ ಓಡಿ ಬಂದು ಕಂಬ ತಬ್ಬಿದ. ಕಿವಿಯಿಂದ ರಕ್ತ ಸುರೀತಿತ್ತಂತೆ. ಆ ದಿನ ಕಾನ್ಸಲ್ ಇಲ್ಲ, ಹಾಕಿಮನ ಜೊತೆಗೇ ಗುಡ್ಡಕ್ಕೆ ಹಕ್ಕಿ ಬೇಟೆಗೆ ಹೋಗಿದ್ದ. ಕಚೇರಿ ನೋಡಿಕೊಳ್ತಿದ್ದದ್ದು ಒಬ್ಬ ಮುನ್ಶಿ, ಬರೆಯುವವರಲ್ಲಿ ದೊಡ್ಡವ. ಸ್ವಲ್ಪ ಹೊತ್ತಿಗೆ ಹಾಕಿಮನ ಕಡೆಯಿಂದ ಕಾರ್ಗುಜಾರ ಬಂದ. ಪರದೇಶಿಗಳ ತಂಟೆ ತಕರಾರು ನೋಡಿಕೊಳ್ಳುವ ಅಧಿಕಾರಿ ಅವ. ಗಲಾಟೆ ಮಾಡ್ಲಿಲ್ಲ. ಗೇಟಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಚಾ ಕುಡೀತಾ ಕೂತ.

“ಬಾವುಟ ಮೇಲಿರುವವರೆಗೆ ಆ ಕಂಬ ನಿಮ್ಮದು, ಮುನ್ಶಿಜಿ. ಇಳಿದ ಮೇಲೆ ಅದು ಬರೀ ಮರ. ಮರ ಹಿಡಿದವನನ್ನು ನಾವು ಕರ್ಕೊಂಡು ಹೋಗಬಹುದಲ್ವಾ?” ಅಂದನಂತೆ.

ಮುನ್ಶಿಗೂ ಅದೇ ಬೇಕಿತ್ತು. ಸಾಹೇಬ ಬರೋದ್ರೊಳಗೆ ತಲೆನೋವು ಮುಗೀಲಿ ಅಂತ. ಹೊತ್ತು ಇಳಿಯುತ್ತಾ ಬಂದಾಗ ಮುತ್ತಜ್ಜನನ್ನು ಕರೆದ. “ಹೊತ್ತಾಯ್ತು, ಇಳಿಸು.”

ಮುತ್ತಜ್ಜ ಹಗ್ಗಕ್ಕೆ ಕೈ ಹಾಕಿ ಎರಡು ಸಲ ಎಳೆದ ಹಾಗೆ ಮಾಡಿದ. “ಮೇಲೆ ಸಿಕ್ಕಿಹಾಕ್ಕೊಂಡಿದೆ, ಮುನ್ಶಿಜಿ.”

“ಹತ್ತಿ ಬಿಡಿಸು.”

“ಎತ್ತರ ಅಂದ್ರೆ ನನಗೆ ತಲೆ ತಿರುಗ್ತದೆ.”

“ಮಂಜಿಯ ಹಾಯಿಕಂಬ ಹತ್ತಿದವನಿಗೆ ತಲೆ ತಿರುಗ್ತದಾ?”

“ಅದು ಸಮುದ್ರದ ಮೇಲೆ. ನೆಲದ ಮೇಲೆ ಅಭ್ಯಾಸ ಇಲ್ಲ.”

ಇಲ್ಲಿಗೆ ಬಂದಾಗ ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಗ್ತಿದ್ದಳು. “ಕೆಂಡದಂಥ ಸಿಟ್ಟ್ ಮರಾಯ ಆ ಮುನ್ಶಿಗೆ! ಆರೆ ಅವ್ನಿಗೆ ಹತ್ತೂಕೆ ಬತ್ತಿಲ್ಲೆ ಅಲ್ದಾ!”

ಆ ರಾತ್ರಿ ಪೂರ್ತಿ ಬಾವುಟ ಕಂಬದ ಮೇಲೇ ಇತ್ತು. ಬೆಳಿಗ್ಗೆ ಕಾನ್ಸಲ್ ಬಂದಾಗ ಬಂದರದಲ್ಲಿ ನಿಂತ ಹಡಗಿನವರೆಲ್ಲ ಬಾವುಟವನ್ನೂ ಕಂಬ ತಬ್ಬಿದವನನ್ನೂ ನೋಡಿ ಆಗಿತ್ತು. ಇಷ್ಟು ಜನ ನೋಡಿದ ಮೇಲೆ ಹಿಂದಿನ ಬಾಗಿಲು ತೆಗೀಲಿಕ್ಕೆ ಆಗ್ಲಿಲ್ಲ. ಮುಳುಗುಗಾರನಿಗೆ ಕಾಗದ ಕೊಟ್ಟು ಹಡಗು ಹತ್ತಿಸಿದ್ರು. ಸಾಹೇಬನಿಗೆ ಮೇಲಿನವರಿಂದ ಹೊಗಳಿಕೆ. ಮುತ್ತಜ್ಜನನ್ನು, ಸೂರ್ಯ ಮುಳುಗಿದ ಮೇಲೆ ಬಾವುಟ ಹಾರಿಸಿ ಅವಮಾನ ಮಾಡಿದ ಅಂತ, ಅದೇ ವಾರ ತೆಗೆದು ಹಾಕಿದ್ರು.

ಅವನನ್ನು ನಾನು ದೇವರು ಮಾಡ್ತಿಲ್ಲ. ಊರಿಗೆ ಬಂದ ಮೇಲೆ ಕುಡೀತಿದ್ದ, ಕೂಗಾಡ್ತಿದ್ದ. ಸಾಹೇಬರ ಕೆಲಸ ಕಳ್ಕೊಂಡು ಬಂದವ ಅಂತ ಜನ ಆಡಿಕೊಳ್ತಿದ್ರು. ಅವನ ಗಂಡುಮಕ್ಕಳು ನಾಚಿಕೆಯಿಂದ, ಅಪ್ಪಯ್ಯ ವಯಸ್ಸಾಗಿ ಬಿಟ್ಟು ಬಂದದ್ದು ಅಂತ ಹೇಳ್ಕೊಂಡು ತಿರುಗಿದ್ರು. ಮಗಳು ಮಾತ್ರ, ಅಂದ್ರೆ ನನ್ನ ಅಜ್ಜಿ, ಸಾಯೋ ತನಕ ‘ತೆಗ್ದ್ ಹಾಕದ್ದ್’ ಅಂತಲೇ ಹೇಳ್ತಿದ್ದಳು. ಎದೆ ಎತ್ತಿ ಹೇಳ್ತಿದ್ದಳು.

ಇದನ್ನೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಕೆಂಟನ್ನಿನ ನಮ್ಮ ಫ್ಲಾಟಿನಲ್ಲಿ, ಒಂದೇ ಬೆರಳಲ್ಲಿ ಟೈಪ್ ಮಾಡಿ, ಸಂಘದ ಕಾರ್ಯದರ್ಶಿಗೆ ಕಳಿಸಿದೆ. ಬೆಂಗಳೂರಿನವರು, ಐಟಿಯಲ್ಲಿ ದೊಡ್ಡ ಕೆಲಸ, ನನಗಿಂತ ಬಹಳ ಚಿಕ್ಕವರು. ಯಾರ ಮೇಲೂ ದನಿ ಎತ್ತುವವರಲ್ಲ. ಬೋರ್ಡ್ ಪ್ರಿಂಟ್ ಆಗುವ ಮೊದಲು ಫೋನ್ ಮಾಡಿದ್ರು.

“ಸಾರ್, ಸೂಪರ್ ಆಗಿದೆ. ನಾನು ಸ್ವಲ್ಪ ಎಡಿಟ್ ಮಾಡಿದೀನಿ ಅಷ್ಟೆ. ಓದ್ಲಾ?”

ಓದಿದ್ರು. ಕಾನ್ಸಲ್ ಸಾಹೇಬರು ಒಬ್ಬ ಗುಲಾಮನನ್ನು ಕಾಪಾಡಿದ್ರು, ಅದಕ್ಕೆ ನಮ್ಮ ಮುತ್ತಜ್ಜ ನಿಷ್ಠೆಯಿಂದ ನೆರವಾದ್ರು, ಆಮೇಲೆ ಗೌರವದಿಂದ ನಿವೃತ್ತರಾದ್ರು.

“ಇದು ಸುಳ್ಳಲ್ವಾ?” ಅಂದೆ.

“ಸುಳ್ಳು ಅಂತಲ್ಲ ಸಾರ್, ಪಾಸಿಟಿವ್ ಆಗಿ ಹೇಳೋದು. ಇಲ್ಲಿನ ಲೋಕಲ್ ಕೌನ್ಸಿಲರ್ ಬರ್ತಿದಾರೆ. ನಮ್ಮೋರು ಕೆಲಸ ಕಳ್ಕೊಂಡ್ರು ಅಂತ ನಾವೇ ಬೋರ್ಡ್ ಹಾಕೋದಾ? ನೋಡಿದೋರು ಏನಂದ್ಕೋತಾರೆ?”

“ಆಜ್ಞೆ ಮೀರಿದ, ಒಬ್ಬ ಮನುಷ್ಯ ಉಳಿದ ಅಂದ್ಕೊಳ್ಳಲಿ.”

“ಅಯ್ಯೋ, ಯಾರು ಅಷ್ಟು ಓದ್ತಾರೆ ಸಾರ್? ಫೋಟೋ ತೆಗೆಸ್ಕೊಂಡು ಹೋಗ್ತಾರೆ.”

“ಓದೋದಿಲ್ಲ ಅಂದ್ರೆ ನಾನು ಬರೆದದ್ದೇ ಇರಲಿ.”

ಅವರು ನಕ್ಕು, ನೋಡೋಣ ಸಾರ್ ಅಂದ್ರು. ಬೆಂಗಳೂರಿನವರ ನೋಡೋಣ ಅಂದ್ರೆ ಏನು ಅಂತ ನನಗೆ ಗೊತ್ತಿತ್ತು. ಹೆಂಡತಿ ಅಡಿಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಹ್ವಾಯ್, ಎಂತಕ್ಕೆ ಈ ಉಸಾಬರಿ ನಿಮ್ಗೆ? ಸತ್ತವ್ರಿಗೆ ಎಂತ ಗೊತ್ತಾತ್ತ್?”

“ನಿನ್ನ ಅಪ್ಪನ ಬಗ್ಗೆ ಯಾರಾದ್ರೂ ಹಾಗೆ ಬರೆದ್ರೆ?”

ಅವಳ ಅಪ್ಪ ಮೀನು ಮಾರ್ಕೆಟ್ಟಿನ ಏಲಂನಲ್ಲಿ ಸಾಹುಕಾರನ ಕೆನ್ನೆಗೆ ಹೊಡೆದವರು. ಅವಳು ಸೌಟು ಕೆಳಗಿಟ್ಟು, “ನಾನಾರೆ ಆ ಬೋರ್ಡ್ ಮುರೀತಿದ್ದೆ” ಅಂದಳು.

ಪ್ರದರ್ಶನದ ದಿನ ಬೇಗ ಹೋದೆ. ಗೋಡೆ ಉದ್ದಕ್ಕೂ ಬೋರ್ಡ್. ನಮ್ಮದರಲ್ಲಿ, ಹೇಳಿದ ಹಾಗೇ, ಗೌರವದಿಂದ ನಿವೃತ್ತಿ. ಕೆಳಗೆ ನನ್ನ ಹೆಸರು. ಅದನ್ನು ನೋಡಿದಾಗಲೇ ಮೈ ಉರಿದದ್ದು. ಅವರು ಸುಳ್ಳು ಬರೆದ್ರೆ ಬರೆದ್ರು, ಹೇಳಿದವ ನಾನು ಅಂತ ಹಾಕಿದ್ರಲ್ಲ!

ಹೆಸರಿನ ಚೀಟಿ ಬರೀಲಿಕ್ಕೆ ಬಾಗಿಲ ಹತ್ತಿರದ ಟೇಬಲ್ ಮೇಲೆ ಕಪ್ಪು ಮಾರ್ಕರ್ ಇಟ್ಟಿದ್ರು. ತಗೊಂಡೆ. ನಿವೃತ್ತಿಯ ಸಾಲನ್ನು ಹೊಡೆದು ಹಾಕಿ ಮೇಲೆ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಡಿಸ್ಮಿಸ್ ಮಾಡಿದ್ರು, ಬಾವುಟ ಇಳಿಸದೆ ಇದ್ದದ್ದಕ್ಕೆ. ನನ್ನ ಅಕ್ಷರ ಚಂದ ಇಲ್ಲ. ಸಾಲಿನ ಕೊನೆಗೆ ಜಾಗ ಸಾಲದೆ ಕೊನೆಯ ಪದ ಮೇಲಕ್ಕೆ ಹತ್ತಿತು.

ಕಾರ್ಯದರ್ಶಿ ಓಡಿ ಬಂದ್ರು. ಮೊದಲ ಸಲ ದನಿ ಎತ್ತಿದ್ರು. “ಏನ್ ಮಾಡ್ತಿದೀರಾ ಸಾರ್ ನೀವು? ಬೋರ್ಡ್ ಹಾಳಾಯ್ತಲ್ಲ! ತೆಗೀರಿ ಇದನ್ನ, ಒಳಗಿಡಿ.”

“ತೆಗೆಯೋದಿಲ್ಲ. ನನ್ನ ಹೆಸರಿದೆ ಇದರ ಮೇಲೆ.”

“ಎಲ್ಲರ ಮುಂದೆ ಹೀಗೆಲ್ಲ ಮಾಡಿದ್ರೆ ನಮಗೆ ಎಷ್ಟು ಅವಮಾನ ಗೊತ್ತಾ?”

“ನಂಗೆ ಈಗ ಆಗ್ತಿಲ್ಲ. ನಿಮ್ಮ ಸಾಲು ಇದ್ದಾಗ ಆಗ್ತಿತ್ತು.”

ಅಷ್ಟರಲ್ಲಿ ಕೌನ್ಸಿಲರ್ ಬಂದಾಯ್ತು. ಕಾರ್ಯದರ್ಶಿ ಹೂಗುಚ್ಛ ಹಿಡ್ಕೊಂಡು ಆ ಕಡೆ ಓಡಿದ್ರು. ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ, ಯಾರೂ ಬಂದು ಎತ್ತದ ಹಾಗೆ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಕೌನ್ಸಿಲರ್ ನಮ್ಮ ಬೋರ್ಡಿನ ಹತ್ತಿರ ನಿಲ್ಲಲೇ ಇಲ್ಲ, ಸಮೋಸದ ಕಡೆ ಹೋದ್ರು. ಆದ್ರೆ ಆಮೇಲೆ ಜನ ಬಂದ್ರು, ಯಾಕೆ ಹೊಡೆದು ಹಾಕಿದ್ದು ಅಂತ ಕೇಳಿದ್ರು. ಕೇಳಿದವರಿಗೆಲ್ಲ ಪೂರ್ತಿ ಹೇಳಿದೆ, ತಲೆ ತಿರುಗಿದ ಮಾತಿನ ಸಮೇತ. ನಮ್ಮವರ ಮಕ್ಕಳು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ನಕ್ಕರು.

ಯುಗಾದಿ ಊಟಕ್ಕೆ ಸಂಘದವರು ನನ್ನನ್ನು ಕರೀಲಿಲ್ಲ. ಹೊರಗಿಂದ ತರಿಸಿದ್ರು, ಬಾತ್ ಗಂಟು ಗಂಟಾಗಿತ್ತಂತೆ. ಕಾರ್ಯದರ್ಶಿ ಎದುರು ಸಿಕ್ಕಿದ್ರೆ ಈಗ ಫೋನ್ ನೋಡ್ತಾ ದಾಟಿ ಹೋಗ್ತಾರೆ. ತಪ್ಪಾಯ್ತು ಅಂತ ಒಂದು ಮೆಸೇಜ್ ಹಾಕಿ, ಎಲ್ಲ ಸರಿ ಹೋಗ್ತದೆ ಅಂತ ಇಬ್ಬರು ಮೂವರು ಹೇಳಿದ್ರು. ನಾನು ಹಾಕಿಲ್ಲ, ಹಾಕೋದೂ ಇಲ್ಲ.