ಮನೆ ಮರೆಯಬೇಕಾದ ಮಾತು

ನಮ್ಮ ದೊಡ್ಡಮ್ಮನದು ಹೊಲಿಗೆ ಕೆಲಸ. ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು, ಜಿಪ್ ಬದಲಿಸುವುದು, ತೆಳ್ಳಗಾದವರ ಬಟ್ಟೆ ಬಿಗಿ ಮಾಡುವುದು, ದಪ್ಪಗಾದವರದನ್ನು ಏನೂ ಅನ್ನದೆ ಸಡಿಲಿಸಿಕೊಡುವುದು. ದೊಡ್ಡಪ್ಪ ಎಲೆಕ್ಟ್ರಿಷಿಯನ್. ಊರಿಗೆಲ್ಲ ವೈರಿಂಗ್ ಮಾಡಿದವರು. ಸ್ವಂತ ಮನೆಯ ಕೆಲಸಕ್ಕೆ ಮಾತ್ರ ಯಾವಾಗಲೂ 'ನಾಳೆ' ಅನ್ನುತ್ತಿದ್ದರು.

ಅವರಿಗೆ ನರಗಳ ಕಾಯಿಲೆ ಬಂದು ಮೊದಲು ಕೈ ಸೋತಿತು. ಆಗ ಮನೆಯೇ ತಮ್ಮ ಮಾತು ಕೇಳುವಂತೆ ಮಾಡಲು ಹೊರಟರು. ಸ್ವಿಚ್ಚುಗಳನ್ನೆಲ್ಲ ಕಿತ್ತು, ದೀಪ, ಫ್ಯಾನು, ಪರದೆ, ಬಾಗಿಲು, ಎಲ್ಲದರ ವೈರನ್ನೂ ನಡುಮನೆಯ ಗೋಡೆಯಲ್ಲಿ ಕೂರಿಸಿದ ಒಂದು ಡಬ್ಬಿಗೆ ತಂದು ಸೇರಿಸಬೇಕಿತ್ತು. ಹೇಳುವ ಬಾಯಿ ಅವರದು, ಮಾಡುವ ಕೈ ದೊಡ್ಡಮ್ಮನದು.

"ನಿನ್ನ ಕೈಗೆ ವೈರ್ ಕೊಟ್ರೆ ಕಾಜಾ ಹೊಲೀತೀಯಲ್ಲೇ" ಎಂದು ಅವರು ಕುರ್ಚಿಯಿಂದಲೇ ನಗುತ್ತಿದ್ದರು.

"ನಿಮ್ಮ ಕೈಗೆ ಸೂಜಿ ಕೊಟ್ಟಿದ್ರೆ ಫ್ಯೂಸ್ ಹೋಗ್ತಿತ್ತು, ಸುಮ್ನಿರಿ" ಎಂದು ಇವಳು ಸ್ಕ್ರೂ ತಿರುಗಿಸುತ್ತಿದ್ದಳು.

ಆ ಡಬ್ಬಿಗೆ ಪ್ರತಿಯೊಂದು ಮಾತನ್ನೂ ಮತ್ತೆ ಮತ್ತೆ ಹೇಳಿ ಕಲಿಸಬೇಕು. ಕಲಿಸಿದಂತೆಯೇ ಹೇಳಿದರೆ ಮಾತ್ರ ಅದು ಕೇಳುತ್ತದೆ. ಕಾಯಿಲೆ ನಾಲಿಗೆಗೂ ಇಳಿದಾಗ ದೊಡ್ಡಪ್ಪ ಹಳೆಯದನ್ನು ಅಳಿಸಿ, ಆಗ ಉಳಿದಿದ್ದ ಮಾತನ್ನೇ ಹೊಸದಾಗಿ ಕಲಿಸಿದರು. ನಾಲಿಗೆ ಇನ್ನಷ್ಟು ಸೋತಾಗ ಮತ್ತೆ ಕಲಿಸಿದರು. ಕೊನೆಗೆ 'ದೀಪ ಹಾಕು' ಎನ್ನುವುದು 'ಈಅ ಆಉ' ಆಗಿತ್ತು. ಡಾಕ್ಟರಿಗೆ ಅರ್ಥವಾಗುತ್ತಿರಲಿಲ್ಲ, ನಮಗೂ ಅರ್ಥವಾಗುತ್ತಿರಲಿಲ್ಲ. ದೊಡ್ಡಮ್ಮನಿಗೆ ಮತ್ತು ಆ ಡಬ್ಬಿಗೆ ಆಗುತ್ತಿತ್ತು. ದೀಪ ಬೇಕೆಂದರೆ ದೊಡ್ಡಮ್ಮನೂ ಹಾಗೆಯೇ ಅನ್ನಬೇಕಿತ್ತು; ಅನ್ನುತ್ತ ಅನ್ನುತ್ತ ಅದೇ ರೂಢಿಯಾಯಿತು. ದೊಡ್ಡಪ್ಪ ಹೋದ ಮೇಲೂ ಅವಳು ಆ ಮನೆಯೊಂದಿಗೆ ಹಾಗೆಯೇ ಮಾತಾಡಿಕೊಂಡಿದ್ದಳು.

ಒಬ್ಬಳೇ ಇರುವುದು ಬೇಡವೆಂದು ನನ್ನ ಅಮ್ಮ, ಅಂದರೆ ಅವಳ ತಂಗಿ, ಹಟ ಹಿಡಿದ ಮೇಲೆ ಮನೆ ಮಾರಲು ಒಪ್ಪಿದಳು. ದಲ್ಲಾಳಿ ಒಬ್ಬ ಬಸ್ ಡ್ರೈವರನ್ನೂ ಅವನ ತಾಯಿಯನ್ನೂ ಕರೆತಂದ. ತಾಯಿ ಗಾಲಿಕುರ್ಚಿಯಲ್ಲಿದ್ದರು. ಅವರ ಕೈ ನಡುಗುತ್ತಿತ್ತು, ಮಾತೂ ನಡುಗುತ್ತಿತ್ತು.

ದಲ್ಲಾಳಿ ನಡುಮನೆಯಲ್ಲಿ ನಿಂತು "ದೀಪ ಹಾಕು" ಎಂದ. ಏನೂ ಆಗಲಿಲ್ಲ. ಕೂಗಿ ಹೇಳಿದ.

"ಕಿರುಚಬೇಡಿಯಪ್ಪ, ಅದೇನು ಕಿವುಡಲ್ಲ" ಎಂದು ದೊಡ್ಡಮ್ಮ ಮುಂದೆ ಬಂದು, ದವಡೆ ಸಡಿಲಬಿಟ್ಟು, "ಈಅ ಆಉ" ಎಂದಳು. ದೀಪ ಹತ್ತಿತು.

ದಲ್ಲಾಳಿ ನಕ್ಕುಬಿಟ್ಟ. "ಇದ್ಯಾವ ಭಾಷೆ ತಾಯಿ? ಕುಡಿದೋರದಾ?"

"ನಮ್ಮ ಮನೆಯವರದು."

"ಬಾಯಿ ಮುಚ್ಚೋ" ಎಂದು ಗಾಲಿಕುರ್ಚಿಯ ತಾಯಿ ದಲ್ಲಾಳಿಯನ್ನು ಗದರಿದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ನನ್ನ ಮಾತೂ ಕಲಿಯುತ್ತೇನಮ್ಮ ಇದು? ನನ್ನ ಮಗನ ಫೋನು ಮಗನ ಥರಾನೇ, ನಾನು ಹೇಳಿದ್ದು ಕೇಳೋದೇ ಇಲ್ಲ" ಎಂದರು.

"ಕಲಿಯುತ್ತೆ. ಆದ್ರೆ ಅದಕ್ಕೆ ಒಬ್ಬರದೇ ಮಾತು ಹಿಡಿಸೋದು. ಹಳೇದನ್ನ ಅಳಿಸಬೇಕು."

ಆ ಸಂಜೆ ಅಮ್ಮ ಒಂದು ಉಪಾಯ ಹೇಳಿದಳು. "ಡಬ್ಬಿ ಬಿಚ್ಕೊಂಡು ಬಂದ್ಬಿಡು ಅಕ್ಕ. ಅವರು ಹೊಸದು ಹಾಕಿಸ್ಕೋತಾರೆ."

"ಹೊಸವು ಸರಿಯಾಗಿ ಮಾತಾಡೋರದ್ದು ಮಾತ್ರ ಕೇಳ್ತವೆ ಕಣೇ. ಎಂಥ ಮಾತು ಕಲಿಸಿದ್ರೂ ಕಲಿಯೋ ಡಬ್ಬಿ ಈಗ ಎಲ್ಲೂ ಸಿಗಲ್ಲ. ಆ ಅಮ್ಮನಿಗೆ ಇದೇ ಬೇಕು." ಕೈಯಲ್ಲಿದ್ದ ಬಟ್ಟೆಯ ದಾರ ಕಡಿದು, "ಆದ್ರೆ ಅಳಿಸಿದ ಮೇಲೆ ನಮ್ಮ ಮನೆಯವರ ಮಾತು ತಿಳಿಯೋದು ನನಗೊಬ್ಬಳಿಗೇ. ಒಬ್ಬಳಿಗೇ ತಿಳಿಯೋದನ್ನ ಮಾತು ಅಂತಾರೇನೇ?" ಎಂದಳು.



ಮನೆ ಬಿಟ್ಟುಕೊಡುವ ದಿನ ದೊಡ್ಡಮ್ಮನೇ ಸ್ಟೂಲು ಹತ್ತಿ, ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಗುಂಡಿಯನ್ನು ಒತ್ತಿ ಹಿಡಿದಳು. ಅದರ ಪಕ್ಕದ ಕೆಂಪು ಚುಕ್ಕೆ ಮಿನುಗಿ ಆರುವವರೆಗೂ ಬೆರಳು ತೆಗೆಯಲಿಲ್ಲ. ಕೆಳಗಿಳಿದು ಆ ತಾಯಿಯ ಪಕ್ಕ ಕುಳಿತು ಒಂದೊಂದೇ ಮಾತು ಹೇಳಿಸತೊಡಗಿದಳು. ನಡುನಡುವೆ ನೀರು ಕುಡಿಸಿದಳು.

"ನನ್ನ ಕೈಲಾಗಲ್ಲಮ್ಮ" ಎಂದರು ಅವರು, ಏದುಸಿರು ಬಿಡುತ್ತ.

"ಆಗುತ್ತೆ. ಗಂಟಲು ಬಿಗಿ ಹಿಡೀಬೇಡಿ. ನಿಮಗೆ ಬಂದ ಹಾಗೆ ಅನ್ನಿ, ಅದೇ ನಿಮ್ಮ ದಾರಿಗೆ ಬರುತ್ತೆ." ದೊಡ್ಡಪ್ಪನಿಗೆ ಹೇಳಿ ಹೇಳಿ ಆ ಸಮಾಧಾನ ಅವಳಿಗೆ ಬಾಯಿಪಾಠವಾಗಿತ್ತು.

ನಡುಮನೆಯ ದೀಪ ಹತ್ತಿದಾಗ ಡ್ರೈವರ್ ಚಪ್ಪಾಳೆ ತಟ್ಟಿದ. ದೊಡ್ಡಮ್ಮನೂ ತಟ್ಟಿದಳು. ಅಡುಗೆಮನೆಯದನ್ನೂ ಕಲಿಸಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು.

ನೀರಿನ ಲೋಟ ತೊಳೆದಿಡಲು ಅವಳು ಅಡುಗೆಮನೆಗೆ ಹೋದಳು. ಒಳಗೆ ಕತ್ತಲು. ಯಾರಿಗೂ ಕೇಳಿಸದ ಹಾಗೆ, ದವಡೆ ಸಡಿಲಬಿಟ್ಟು ಹಳೆಯ ಮಾತನ್ನೇ ಒಮ್ಮೆ ಅಂದಳು. ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಅಮ್ಮನಿಗೆ ಮಾತ್ರ ಕೇಳಿಸಿತು. ದೀಪ ಹತ್ತಲಿಲ್ಲ. ಇನ್ನೊಮ್ಮೆ ಅಂದಳು.

"ಕತ್ತಲಲ್ಲಿ ಏನ್ಮಾಡ್ತಿದ್ದೀಯಮ್ಮ?" ಎಂದು ಆ ತಾಯಿ ನಡುಮನೆಯಿಂದ ಕೇಳಿ, ತಮ್ಮ ನಡುಗುವ ದನಿಯಲ್ಲೇ ಅಡುಗೆಮನೆಯ ದೀಪಕ್ಕೆ ಹೇಳಿದರು. ತಟ್ಟನೆ ಬೆಳಕಾಯಿತು.

ದೊಡ್ಡಮ್ಮ ಲೋಟ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡು ಹೊರಗೆ ಬಂದು, "ಚೆನ್ನಾಗಿ ಕೇಳ್ತಿದೆ" ಎಂದಳು.