ಬದಲಿಸಬೇಡಿ, ನೆನೆಸಿ

ಬೆಳಗಿನ ಐದೂವರೆ. ಮೂರನೇ ಮಹಡಿಯ ಮನೆಯೊಂದರ ಬಚ್ಚಲಲ್ಲಿ, ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಗೀಸರಿನ ಪಕ್ಕಕ್ಕೆ ಕಿವಿಗೊಟ್ಟು ಕಣ್ಣು ಮುಚ್ಚಿದ್ದಾರೆ. ಒಳಗೆ ನೀರು ಕಾಯುತ್ತಿದೆ. ಸಣ್ಣಗೆ ಗೊರಗೊರ, ನಡುನಡುವೆ ಒಂದು ಟಕ್.

"ಗಂಟಲು ಕಟ್ಟಿದೆ, ಮೇಷ್ಟ್ರಮ್ಮ," ಎನ್ನುತ್ತಾರೆ, ಬಾಗಿಲಲ್ಲಿ ನಿಂತ ಮನೆಯೊಡತಿಗೆ. "ಕಾಯಿಲ್ ಮೇಲೆ ಸುಣ್ಣ ಕೂತಿದೆ. ಕಂಬಳಿ ಹೊದ್ದು ಒಲೆ ಮುಂದೆ ಕೂತ ಹಾಗೆ. ಬೆಂಕಿ ಉರಿಯತ್ತೆ, ಮೈಗೆ ಬಿಸಿ ತಾಗಲ್ಲ."

"ಅಂಗಡಿಯವನು ಕಾಯಿಲ್ ಬದಲಿಸಲೇಬೇಕು ಅಂದ."

"ಬಂದು ನೋಡಿದ್ನಾ?"

"ಇಲ್ಲ, ಫೋನಲ್ಲೇ ಹೇಳಿದ."

"ಭಾರೀ ಕಿವಿ ಬಿಡಿ ಅವನದು. ನನಗೆ ಇಷ್ಟು ಹತ್ತಿರ ನಿಂತರೂ ಒಮ್ಮೊಮ್ಮೆ ಕೇಳಿಸಲ್ಲ."

ಮೇನ್ ಸ್ವಿಚ್ ಆರಿಸುತ್ತಾರೆ. ಟೆಸ್ಟರ್ ಇಟ್ಟು ಒಮ್ಮೆ ನೋಡಿ, ನಂಬಿಕೆ ಸಾಲದೆ ಇನ್ನೊಮ್ಮೆ ನೋಡುತ್ತಾರೆ. ಗೀಸರಿನ ಬಿಸಿನೀರನ್ನು ನೀಲಿ ಬಕೆಟ್ಟಿಗೆ ಇಳಿಸಿ, ನಟ್ಟು ಬಿಚ್ಚಿ ಕಾಯಿಲ್ ಹೊರತೆಗೆದರೆ ಅದರ ಮೇಲೆ ನಾಣ್ಯದ ದಪ್ಪಕ್ಕೆ ಬಿಳಿ ಸುಣ್ಣ. ಅದೇ ಬಿಸಿನೀರಿಗೆ ಎರಡು ಹಿಡಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಸುರಿದು ಕಾಯಿಲನ್ನು ಮುಳುಗಿಸುತ್ತಾರೆ. ಸುಣ್ಣ ಗುಳ್ಳೆಗುಳ್ಳೆಯಾಗಿ ಮಾತಾಡತೊಡಗುತ್ತದೆ. ಇನ್ನು ಒಂದು ಗಂಟೆ ಅದಕ್ಕೆ ಕೈ ಹಚ್ಚುವಂತಿಲ್ಲ.

"ಚಾಕು ಹಾಕಿ ಕೆರೆಯೋರಿದ್ದಾರೆ. ಕೆರೆದ್ರೆ ಗಾಯ ಆಗತ್ತೆ. ಮುಂದಿನ ಸಲ ಸುಣ್ಣ ಆ ಗಾಯದಲ್ಲೇ ಬೇರು ಬಿಡತ್ತೆ."

ಈ ವಸತಿ ಸಮುಚ್ಚಯದ ಮಕ್ಕಳು ಅವರಿಗೆ ಇಟ್ಟ ಹೆಸರು ನೆನೆಸಕ್ಕ. ಏನನ್ನೇ ಕೊಟ್ಟರೂ ನೆನೆಸಿಡುವ ಅಕ್ಕ. ದೊಡ್ಡವರ ಬಾಯಲ್ಲೂ ಈಗ ಅದೇ.

ಪಠ್ಯಪುಸ್ತಕ ಗಡಸು ನೀರು ಎನ್ನುವುದೇ ಈ ಊರಿನ ನಲ್ಲಿಗಳಲ್ಲಿ ಬರುವುದು. ಎಷ್ಟು ಉಜ್ಜಿದರೂ ಸೋಪು ನೊರೆಗಟ್ಟುವುದಿಲ್ಲ. ಒಗೆದ ಟವೆಲ್ಲನ್ನು ಗೋಡೆಗೆ ಒರಗಿಸಿದರೆ ಹಾಗೇ ನಿಂತೀತು. ಗಾಜಿನ ಲೋಟಕ್ಕೆ ಪೊರೆ ಬಂದಿದೆ, ಶವರಿನ ತೂತುಗಳಲ್ಲಿ ಅರ್ಧಕ್ಕರ್ಧ ಮೌನವ್ರತ ಹಿಡಿದಿವೆ. ಬಾಚಣಿಗೆ ತುಂಬ ಕೂದಲು ಬಂದಾಗ ಮನೆಯವರು ಒಬ್ಬರನ್ನೊಬ್ಬರು ದೂರುತ್ತಾರೆ, ನೀರನ್ನು ಯಾರೂ ದೂರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಗೀಸರ್ ರಿಪೇರಿ ಮಾಡುತ್ತಿದ್ದವರು ನೆನೆಸಕ್ಕನ ಯಜಮಾನರು. ಏಣಿಯಿಂದ ಬಿದ್ದು ಬೆನ್ನು ಕೈಕೊಟ್ಟ ಮೇಲೆ ಇಕ್ಕಳ ಇವರ ಕೈಗೆ ಬಂತು. "ಮೊದಲ ವರ್ಷ ನಾನು ಕೈ, ಅವರು ತಲೆ. ಫೋನಿನ ಸ್ಪೀಕರ್ ಹಾಕಿಕೊಂಡೇ ಬಿಚ್ತಿದ್ದೆ. ಈಗ ಒಲೆ ಮುಂದೆ ಅವರು ಕೈ, ನಾನು ತಲೆ," ಎಂದು ನಗುತ್ತಾರೆ. ನೆನೆಸುವ ವಿದ್ಯೆ ಮಾತ್ರ ಅತ್ತೆಯದು. ಹಿಂಡಿದ ನಿಂಬೆಹೋಳು ಹಾಕಿ ಟೀ ಕೆಟಲಿನ ಸುಣ್ಣ ಬಿಡಿಸುತ್ತಿದ್ದ ಮುದುಕಿ ಒಂದು ದಿನ, "ಗೀಸರ್ ಅಂದ್ರೂ ಗೋಡೆ ಹತ್ತಿದ ಕೆಟಲ್ ತಾನೆ?" ಎಂದಿದ್ದರಂತೆ.

ದಿನಕ್ಕೆ ನಾಲ್ಕೈದು ಮನೆ. ಲಿಫ್ಟ್ ಕೆಟ್ಟ ದಿನ ಮುನ್ನೂರು ಮೆಟ್ಟಿಲು. ಇತರರು ಎಸೆಯಿರಿ ಎಂದ ಹತ್ತು ಕಾಯಿಲ್‌ಗಳಲ್ಲಿ ಏಳು ಇವರ ಬಕೆಟ್ಟಿನಲ್ಲಿ ಮರುಜನ್ಮ ಪಡೆಯುತ್ತವೆ. ಉಳಿದ ಮೂರನ್ನು ಮೀಟರ್ ಹಚ್ಚಿ ನೋಡಿ, ಹೋಗಿದೆ ಎಂದು ನೇರವಾಗಿ ಹೇಳುತ್ತಾರೆ. "ಸತ್ತದ್ದನ್ನ ಬದುಕಿದೆ ಅನ್ನಲ್ಲ. ಬದುಕಿದ್ದನ್ನ ಸತ್ತಿದೆ ಅಂತಾನೂ ಅನ್ನಲ್ಲ." ಗೀಸರಿಗೆಂದು ಬಂದವರು ಹೋಗುವಾಗ ಶವರಿನ ತಲೆಯನ್ನೂ ಅದೇ ನೀರಲ್ಲಿ ಅದ್ದಿ, ತೊಳೆದು ಹಾಕಿ ಹೋಗುತ್ತಾರೆ. ಯಾರೂ ಕೇಳಿರುವುದಿಲ್ಲ.

ಈ ಕೆಲಸಕ್ಕೇ ಈಗ ಕುತ್ತು ಬಂದಿದೆ. ಬರುವ ಒಂದನೇ ತಾರೀಖಿನಿಂದ ಸರ್ಟಿಫಿಕೇಟ್ ಇಲ್ಲದ ಮೆಕ್ಯಾನಿಕ್‌ಗಳಿಗೆ ಪ್ರವೇಶವಿಲ್ಲ ಎಂದು ಲಿಫ್ಟಿನ ಪಕ್ಕ ಚೀಟಿ ಅಂಟಿದೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಸಂಕೋಚದಿಂದಲೇ ಹೇಳಿದರು: "ಅಕ್ಕ, ನಿಮ್ಮ ಮೇಲೆ ಅನುಮಾನ ಅಲ್ಲ. ನಾಳೆ ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?" ಇವರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. "ಕರೆಂಟಿನ ಜೊತೆ ಸರಸ ಬೇಡ. ಅವರು ಕೇಳಿದ್ದು ನ್ಯಾಯ."

ಹಾಗೆಂದೇ ಐವತ್ತೆರಡನೇ ವಯಸ್ಸಿನಲ್ಲಿ ಸರ್ಟಿಫಿಕೇಟಿನ ಪರೀಕ್ಷೆಗೆ ಕೂತರು. ಒಂದು ಅಂಕದಲ್ಲಿ ಫೇಲಾದರು. ಉತ್ತರಪತ್ರಿಕೆ ತರಿಸಿ ನೋಡಿದರೆ, 'ಕಾಯಿಲ್ ಮೇಲೆ ಪೂರ್ತಿ ಸುಣ್ಣ ಕಟ್ಟಿದ್ದರೆ ಏನು ಮಾಡಬೇಕು?' ಎಂಬ ಪ್ರಶ್ನೆಗೆ ಸೊನ್ನೆ. ಪುಸ್ತಕದಲ್ಲಿರುವ ಉತ್ತರ, ಬದಲಿಸಬೇಕು. ಇವರು ಬರೆದದ್ದು ಒಂದೇ ಪದ: ನೆನೆಸಬೇಕು. ಪಕ್ಕದಲ್ಲಿ ಪರೀಕ್ಷಕರ ಕೆಂಪು ಶಾಯಿ: 'ಯಾರನ್ನು?'

ಮರುಪರೀಕ್ಷೆ ಈ ಭಾನುವಾರ. ಮನೆಯಲ್ಲಿ ತಯಾರಿ ಜೋರಾಗಿದೆ. ಅಕ್ಷರ ಬಾರದ ಅತ್ತೆ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಾರೆ. ಸೊಸೆ ಎಲ್ಲಿ ತಡವರಿಸುತ್ತಾಳೋ ಅಲ್ಲಿ, "ತಪ್ಪು, ಮತ್ತೆ ಹೇಳು," ಎನ್ನುತ್ತಾರೆ. ಇದುವರೆಗೆ ಅವರ ತೀರ್ಪು ಸುಳ್ಳಾಗಿಲ್ಲ. ಯಜಮಾನರ ಸಲಹೆ ಬೇರೆ: "ಬದಲಿಸಬೇಕು ಅಂತ ಬರೆದು ಪಾಸಾಗು ಮಾರಾಯ್ತಿ. ಆಮೇಲೆ ಊರನ್ನೇ ಬೇಕಾದ್ರೂ ನೆನೆಸು."

"ಅದನ್ನ ಬರೆದು ತಂದ ಸರ್ಟಿಫಿಕೇಟನ್ನ ಗೋಡೆಗೆ ಹಾಕಿ, ಅದರ ಕೆಳಗೇ ಬಕೆಟ್ ಇಡ್ಲಾ?" ಎಂದು ಇವರು ಬಾಯಿ ಮುಚ್ಚಿಸಿದ್ದಾರೆ.

ಮೂರನೇ ಮಹಡಿಯ ಮೇಷ್ಟ್ರಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಕಾಯಿಲ್ ನೆನೆಯುವ ಒಂದು ಗಂಟೆ ವ್ಯರ್ಥವಾಗದಂತೆ ಬಚ್ಚಲ ಹೊಸ್ತಿಲಿಗೆ ಎರಡು ಮಣೆ, ಒಂದು ನೋಟ್‌ಬುಕ್ ಹಾಕಿದ್ದಾರೆ. ಸ್ಟೂಲ್ ಜಾರದಿರಲೆಂದು ಅದರ ಕಾಲುಗಳ ಕೆಳಗೆ ಮಡಿಸಿದ ಹಳೆಯ ಟವೆಲ್ ಇಟ್ಟವರೂ ಅವರೇ.

"ಉತ್ತರ ಸರಿ ಇದ್ರೆ ಸಾಲದು ಕಣಮ್ಮ. ಅದಕ್ಕೆ ಕಾಲು ಬೇಕು, ನಿಲ್ಲೋಕೆ. ಯಾತರಲ್ಲಿ, ಎಷ್ಟು ಹೊತ್ತು, ಯಾಕೆ, ಎಲ್ಲಾ ಬರಿ."

"ಅಷ್ಟು ಬರೆದೂ ಸೊನ್ನೆ ಕೊಟ್ರೆ?"

"ಕೊಡೋ ಮುಂಚೆ ಅವರು ಓದಲೇಬೇಕಲ್ಲ."

ಆರೂಮುಕ್ಕಾಲು. ಬಕೆಟ್ಟಿನ ಮಾತು ನಿಂತಿದೆ. ಬಟ್ಟೆಯಿಂದ ಒರೆಸಿದರೆ ಸುಣ್ಣ ಹೊಪ್ಪಳಿಕೆಯಂತೆ ಕಳಚಿ ಬಂದು ಒಳಗಿನ ಲೋಹ ಮಿನುಗುತ್ತದೆ. ಮೀಟರ್ ಜೀವವಿದೆ ಎನ್ನುತ್ತದೆ. ಜೋಡಿಸಿ, ನೀರು ತುಂಬಿಸಿ, ಸ್ವಿಚ್ ಹಾಕಿ, ಮತ್ತೆ ಸ್ಟೂಲು ಹತ್ತಿ ಕಿವಿಗೊಡುತ್ತಾರೆ. ಗೊರಗೊರವಿಲ್ಲ. ನಿದ್ದೆ ಹೋದ ಮಗುವಿನ ಉಸಿರಿನಷ್ಟು ಸದ್ದು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಒದ್ದೆ ಬೆರಳಿನ ಗುರುತುಗಳ ನಡುವೆ, ಭಾನುವಾರದ ಉತ್ತರ ಸಿದ್ಧವಾಗಿದೆ. ಕೇಳಿದರೆ ತಡವರಿಸದೆ ಓದುತ್ತಾರೆ: "ನೆನೆಸಬೇಕು. ಕಾಯಿಲನ್ನು. ಬಿಸಿನೀರು, ನಿಂಬೆ ಉಪ್ಪಿನಲ್ಲಿ, ಒಂದು ಗಂಟೆ. ಆಮೇಲೆ ಮೀಟರ್ ಹಚ್ಚಿ ನೋಡಬೇಕು. ಸತ್ತಿದ್ದರೆ ಮಾತ್ರ ಬದಲಿಸಬೇಕು."

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುತ್ತಾ ಹೇಳುತ್ತಾರೆ: "ಒಂದು ಪದ ಬರೆದಿದ್ದು ನನ್ನ ತಪ್ಪು. ಈ ಸಲ ಯಾರನ್ನು ಅಂತ ಅವರು ಕೇಳೋ ಹಾಗಿಲ್ಲ."