ಹೆಣ್ಮಕ್ಕಳ ವಯಸ್ಸೆಷ್ಟು?

ಸಿರುಗುಪ್ಪ ತಾಲೂಕಿನ ಸಿರಿಗೇರಿ. ಹತ್ತಿ ಹೊಲದಲ್ಲಿ ಇನ್ನೂ ಇಬ್ಬನಿ ಆರಿಲ್ಲ. ನೀಲಾವತಿ ಒಂದು ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದು, ಇನ್ನೊಂದರಿಂದ ಎರೆಮಣ್ಣಿಗೆ ಅಂಟಿದ ಚಪ್ಪಲಿ ಕೀಳುತ್ತಿದ್ದಾರೆ. ಮೊಬೈಲ್ ಪರದೆಯಲ್ಲಿ, ಸಿಂಗಪುರದಲ್ಲಿ ಟೈ ಕಟ್ಟಿಕೊಂಡು ಕುಳಿತ ಮೂವರು ಮಧ್ಯಸ್ಥಗಾರರು.

"ಸಿಗ್ನಲ್ ಬದುವಿನ ಮ್ಯಾಲಷ್ಟ ಐತ್ರಿ. ಅದಕ್ಕ ಕೋರ್ಟೂ ಬದುವಿನ ಮ್ಯಾಲ," ಎನ್ನುತ್ತಾರೆ ನೀಲಾವತಿ.

ಕುರುಗೋಡಿನ ನೀಲಾವತಿ ದುಭಾಷಿ. ಕೊಳ್ಳುವ ಸರಕು ಯಾರ ದುಡಿಮೆಯಿಂದ ಬಂತೆಂದು ಕಂಪನಿಗಳೇ ವಿಚಾರಿಸಿಕೊಳ್ಳಬೇಕೆಂಬ ಕಾನೂನು ಯುರೋಪಿನಲ್ಲಿ ಬಂದ ಮೇಲೆ, ಅದರ ವ್ಯಾಜ್ಯಗಳು ಬಳ್ಳಾರಿಗೂ ಬಂದಿವೆ. "ಗೆದ್ದೋರು ವಕೀಲರಿಗೆ ಕೈ ಮುಗೀತಾರ, ಸೋತೋರು ನನಗ ಬೈತಾರ," ಎನ್ನುತ್ತಾರೆ.

ಈ ವ್ಯಾಜ್ಯದ ಮೂಲ ಒಂದೇ ಪದ. ಹತ್ತಿ ಬಿಡಿಸುವವರು ಯಾರೆಂದು ಜರ್ಮನಿಯ ಬಟ್ಟೆ ಕಂಪನಿಯೊಂದರ ತಪಾಸಣೆಗಾರ ಕಳೆದ ಸುಗ್ಗಿಯಲ್ಲಿ ಕೇಳಿದ್ದ. "ಹೆಣ್ಮಕ್ಕಳು," ಎಂದಿದ್ದರು ಕೂಲಿಗಾರರ ಮುಂದಾಳು ಗಂಗಕ್ಕ. ಅವನ ಮೊಬೈಲಿನ ಅನುವಾದಕ ಅದನ್ನು 'ಹೆಣ್ಣು', 'ಮಕ್ಕಳು' ಎಂದು ಒಡೆಯಿತು. ವರದಿಯಲ್ಲಿ ಎಲ್ಲರೂ ಬಾಲಕಾರ್ಮಿಕರಾದರು. ಈ ಹತ್ತಿಯ ಬೀಜ ತೆಗೆದು ಮಾರುವ ಬಳ್ಳಾರಿಯ ಜಿನ್ನಿಂಗ್ ಮಿಲ್ಲಿನಿಂದ ಕಂಪನಿ ಖರೀದಿ ನಿಲ್ಲಿಸಿತು. ಮಿಲ್ಲು ಮಧ್ಯಸ್ಥಿಕೆಗೆ ಹೋಯಿತು. ಸೋತರೆ ಈ ಹೆಂಗಸರಿಗೆ ಕೆಲಸವಿಲ್ಲ. ಅವರು ಆಡಿದ ಮಾತಿಗೆ ದುಭಾಷಿ ತನ್ನ ವಿವರಣೆ ಸೇರಿಸುವಂತೆಯೂ ಇಲ್ಲ.

"ಇಲ್ಲಿ ಮಕ್ಕಳು ಕೆಲಸ ಮಾಡ್ತಾರೇನು?" ಮಧ್ಯಸ್ಥಗಾರರ ಪ್ರಶ್ನೆಯನ್ನು ನೀಲಾವತಿ ಕನ್ನಡಕ್ಕೆ ತರುತ್ತಾರೆ.

"ಇಲ್ಲಬೇ, ಹೆಣ್ಮಕ್ಕಳಷ್ಟ," ಎನ್ನುತ್ತಾರೆ ಗಂಗಕ್ಕ. "ಗಂಡ್ಮಕ್ಕಳು ಕಟ್ಟಿ ಮ್ಯಾಲ ಕುಂತು ಬೀಡಿ ಸೇದ್ತಾರ."

ನೀಲಾವತಿ ಹೆಂಗಸರು, ಗಂಡಸರು ಎಂದೇ ಅನುವಾದಿಸುತ್ತಾರೆ. ಆದರೆ ಪರದೆಯ ಇನ್ನೊಂದು ಮೂಲೆಯಲ್ಲಿರುವ ಕಂಪನಿಯ ವಕೀಲರೂ ಅದೇ ಮೊಬೈಲ್ ಅನುವಾದಕ ಇಟ್ಟುಕೊಂಡಿದ್ದಾರೆ. "ಗಂಡು ಮಕ್ಕಳು ಬೀಡಿ ಬೇರೆ ಸೇದುತ್ತಾರೆ!" ಎಂದು ತಕರಾರು ತೆಗೆಯುತ್ತಾರೆ.

ಇರುವವರಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ತೋರಿಸಿ ಎನ್ನುತ್ತಾರೆ ಮುಖ್ಯ ಮಧ್ಯಸ್ಥಗಾರರು. ಮಡಿಲ ತುಂಬ ಹತ್ತಿ ಕಟ್ಟಿಕೊಂಡು ಸತ್ಯಮ್ಮ ಬರುತ್ತಾರೆ.

"ನಾನ ರೀ ಸಣ್ಣಾಕಿ. ಮೊನ್ನೆ ಮಮ್ಮಗ ಹುಟ್ಯಾನ. ಪೇಢೆ ಕೊಡಾಕ ನೀವು ಭಾಳ ದೂರ ಅದೀರಿ."

ನೀಲಾವತಿ ಪೇಢೆಯನ್ನೂ ಬಿಡದೆ ಅನುವಾದಿಸುತ್ತಾರೆ. ಪರದೆಯಲ್ಲಿ ಮೂವರು ಮಧ್ಯಸ್ಥಗಾರರೂ ಮೈಕ್ ಬಂದ್ ಮಾಡಿ ನಗುತ್ತಾರೆ. ಸ್ವಲ್ಪ ಹೊತ್ತಿಗೆ ವಕೀಲರು ಕಂಪನಿಯನ್ನು ಕೇಳಿಕೊಂಡು ಬಂದು, ಆರೋಪ ಕೈಬಿಟ್ಟು ಖರೀದಿ ಮುಂದುವರಿಸುವುದಾಗಿ ಹೇಳುತ್ತಾರೆ.

"ಏನಂತವ್ವ?" ಗಂಗಕ್ಕ ಕೇಳುತ್ತಾರೆ.

"ನೀವೆಲ್ಲ ದೊಡ್ಡೋರಂತ, ಗಂಗಕ್ಕ. ಕೆಲಸ ಐತಿ."

"ಹಂಗಾರ ನಮ್ಮ ಗಂಡ್ಮಕ್ಕಳು ಯಾವಾಗ ದೊಡ್ಡೋರಾಗ್ತಾರ, ಅದನ್ನೂ ಕೇಳು."

"ಅದು ಇವರ ವ್ಯಾಪ್ತಿಗೆ ಬರಂಗಿಲ್ಲಬೇ."

ಬದುವಿನಿಂದ ಇಳಿದು ನೀಲಾವತಿ ಚಪ್ಪಲಿಯ ಮಣ್ಣು ಕೆರೆಯುತ್ತಾರೆ. ಅವರಿಗೊಂದು ಆಸೆ: "ಆದೇಶದಾಗ 'ಹೆಣ್ಮಕ್ಕಳು' ಅನ್ನೋದನ್ನ ಹಂಗ ಬರೀಲಿ. ಕೂಡೇ ಇರ್ಲಿ ಆ ಪದ. ಮುಂದ ಬರೋರು ಮತ್ತ ಒಡೀಬಾರ್ದು ನೋಡ್ರಿ."